ದುಡಿದು ನಿಂತ ಯಂತ್ರಗಳು

ಮುಂಗಾರಿನ ಮಳೆ ಹಿಡಿದು ಕಾವೇರಿ ತುಂಬಿ ಹರಿಯುವ ದಿನಗಳಲ್ಲಿ ಶಿವನಸಮುದ್ರಕ್ಕೆ ಹೋಗಿ, ಗಗನಚುಕ್ಕಿ ಭರಚುಕ್ಕಿಗಳ ಎದುರಿನಲ್ಲಿ ನಿಂತು, ಬಂಡೆಬಂಡೆಗೂ ಒಡೆದು ಹಾಲಿನಂತೆ ಸುರಿಯುವ ಆ ಜಲರಾಶಿಯನ್ನು ಕಣ್ತುಂಬ ನೋಡಿ, ಧನ್ಯತೆಯ ಭಾವದಿಂದ ಹಿಂದಿರುಗುವ ಯಾತ್ರಿಕರು ಪ್ರತಿವರ್ಷವೂ ಅಸಂಖ್ಯಾತರು. ಆದರೆ ಅದೇ ನದಿಯ ಒಂದು ಪಾಲು, ಪ್ರಪಾತಕ್ಕೆ ಧುಮುಕುವ ಮೊದಲೇ ಕಾಲುವೆಯ ಕಡೆಗೆ ತಿರುಗಿ, ಗುಡ್ಡದ ಓರೆಯಲ್ಲಿ ಸಾಲಾಗಿ ಇಳಿಬಿಟ್ಟ ದಪ್ಪ ಕೊಳವೆಗಳೊಳಗೆ ನುಗ್ಗಿ, ಸುಮಾರು 400 ಅಡಿ ಕೆಳಗೆ ಕಮರಿಯ ಮಡಿಲಲ್ಲಿ ಕುಳಿತ ಹಳೆಯ ಕಟ್ಟಡವೊಂದರ ಒಳಗೆ ಚಕ್ರಗಳನ್ನು ತಿರುಗಿಸಿ, ತನ್ನ ಕೆಲಸವನ್ನು ಮುಗಿಸಿಕೊಂಡು ಮತ್ತೆ ತಾಯಿಹೊಳೆಯನ್ನು ಸೇರುವುದೆಂಬುದನ್ನು ಬಲ್ಲವರು ಆ ಯಾತ್ರಿಕರಲ್ಲಿ ಕೆಲವರೇ. ಅದನ್ನು ನೋಡಬೇಕೆಂದೇ ಪೂರ್ವಾನುಮತಿ ಪಡೆದು ಬಂದವರು ಇನ್ನೂ ಕಡಮೆ. ಊರವರ ಬಾಯಲ್ಲಿ ಆ ಸ್ಥಳದ ಹೆಸರು ಬ್ಲಫ್. ನೀರು ಬೀಳುವುದು ಪ್ರಕೃತಿಯ ಸೊಬಗು. ಬೀಳುವ ನೀರನ್ನು ಹಿಡಿದು ಮನೆಮನೆಯ ದೀಪವನ್ನಾಗಿ ಮಾಡಿದ್ದು ಮನುಷ್ಯನ ಸಾಹಸ. ಒಂದನ್ನು ನೋಡಲು ಅಷ್ಟು ದೂರ ಹೋದವರು ಇನ್ನೊಂದನ್ನು ನೋಡದೆ ಬರುವುದು ನಷ್ಟವೆಂದೇ ನನ್ನ ಭಾವನೆ.

ಆ ಕಟ್ಟಡದ ಕಥೆ ಸಾಮಾನ್ಯವಾದುದಲ್ಲ. 19ನೆಯ ಶತಮಾನದ ಕೊನೆಗೆ ಕೋಲಾರದ ಚಿನ್ನದ ಗಣಿಗಳು ವರ್ಷದಿಂದ ವರ್ಷಕ್ಕೆ ಆಳಕ್ಕೆ ಇಳಿಯುತ್ತಿದ್ದುವು. ಅದಿರನ್ನು ಮೇಲೆತ್ತುವುದಕ್ಕೂ ಅದನ್ನು ಕುಟ್ಟಿ ಪುಡಿಮಾಡುವುದಕ್ಕೂ ಬೇಕಾದ ಶಕ್ತಿ ಉಗಿಯಂತ್ರಗಳಿಂದ ಬರಬೇಕಾಗಿತ್ತು. ಆ ಯಂತ್ರಗಳ ಹೊಟ್ಟೆಗೆ ಸೌದೆಯನ್ನೋ ಕಲ್ಲಿದ್ದಲನ್ನೋ ಎಡೆಬಿಡದೆ ಸುರಿಯಬೇಕಾಗಿತ್ತು. ಕಾವೇರಿಯ ಜಲಪಾತದಲ್ಲಿ ಅಡಗಿದ ಶಕ್ತಿಯನ್ನು ಸುಮಾರು 147 ಕಿಲೋಮೀಟರ್ ದೂರದ ಗಣಿಗೆ ತಂತಿಯ ಮೂಲಕ ಒಯ್ಯಬಹುದೆಂದು ಕಂಡವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರೂ, ಕೆನಡಾದಲ್ಲಿ ಹುಟ್ಟಿ ಇಲ್ಲಿ ಎಂಜಿನಿಯರಾಗಿದ್ದ ಕ್ಯಾಪ್ಟನ್ ಜೋಲಿ ದ ಲಾಟ್‌ಬಿನಿಯೇರ್ ಅವರೂ. ವಿದ್ಯುತ್ತನ್ನು ದೂರ ಒಯ್ಯುವಲ್ಲಿ ಒಂದು ತೊಡಕುಂಟು: ತಂತಿಯಲ್ಲಿ ಹರಿಯುವ ಪ್ರವಾಹ ಹೆಚ್ಚಿದಷ್ಟೂ ತಂತಿ ಕಾದು, ಶಕ್ತಿ ದಾರಿಯಲ್ಲೇ ಪೋಲಾಗಿಹೋಗುತ್ತದೆ. ಆದಕಾರಣ ವಿದ್ಯುತ್ತಿನ ಒತ್ತಡವನ್ನು, ಎಂದರೆ ವೋಲ್ಟೇಜನ್ನು, ಬಹಳವಾಗಿ ಏರಿಸಿ, ಪ್ರವಾಹವನ್ನು ಕಿರಿದುಮಾಡಿ ಕಳುಹಿಸಿ, ಗಮ್ಯಸ್ಥಾನದಲ್ಲಿ ಒತ್ತಡವನ್ನು ಪುನಃ ಇಳಿಸಿಕೊಳ್ಳಬೇಕು. ಇಂದು ಇದು ಶಾಲೆಯ ಪಾಠ. ಅಂದು ಪಾಶ್ಚಾತ್ಯ ದೇಶಗಳಿಗೂ ಹೊಸತಾಗಿದ್ದ ವಿದ್ಯೆ. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರವನ್ನು ಮುಟ್ಟಿದಾಗ, ಆ ತಂತಿಯ ಮಾರ್ಗ ಜಗತ್ತಿನ ಅತಿ ದೀರ್ಘ ಮಾರ್ಗಗಳಲ್ಲಿ ಒಂದಾಗಿತ್ತು. ಆ ಸಂಕಲ್ಪವನ್ನು ಹೊತ್ತ ದಿವಾನರು ಅದರ ಸಿದ್ಧಿಯನ್ನು ಕಾಣಲಿಲ್ಲ; 1901ರ ಸೆಪ್ಟೆಂಬರಿನಲ್ಲಿಯೇ ಅವರು ತೀರಿಕೊಂಡಿದ್ದರು.

ಈ ಒಂದು ತಂತಿಯ ಹಿಂದೆ ನಡೆದರೆ ಹಳೆಯ ಮೈಸೂರಿನ ಅರ್ಧ ಇತಿಹಾಸವೇ ಸಿಗುತ್ತದೆ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಹತ್ತಿಕೊಂಡ ದೀಪಗಳಿಗೆ ಬೆಳಕು ಬಂದದ್ದು ಇದೇ ಕಮರಿಯಿಂದ. ಬೇಸಗೆಯಲ್ಲಿ ಹೊಳೆ ಸೊರಗಿ, ಗಣಿಗೆ ಒಪ್ಪಿಕೊಂಡಷ್ಟು ಶಕ್ತಿಯನ್ನು ಕೊಡಲಾಗದ ಸ್ಥಿತಿ ಒದಗಿದಾಗ, ಮೇಲೆಲ್ಲಾದರೂ ನೀರನ್ನು ತಡೆದು ನಿಲ್ಲಿಸಿ ವರ್ಷವಿಡೀ ಸಮನಾಗಿ ಬಿಡಬೇಕೆಂಬ ಯೋಚನೆ ಬಲವಾಯಿತು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾದುದಕ್ಕೆ ಮಂಡ್ಯದ ಹೊಲಗದ್ದೆಗಳ ಬಾಯಾರಿಕೆಯಂತೆಯೇ ಈ ಯಂತ್ರಗಳ ಬಾಯಾರಿಕೆಯೂ ಕಾರಣವಾಗಿತ್ತು. ಹೀಗೆ ಗಣಿಯಿಂದ ವಿದ್ಯುದಾಗಾರ, ವಿದ್ಯುದಾಗಾರದಿಂದ ಅಣೆಕಟ್ಟು, ಅಣೆಕಟ್ಟಿನಿಂದ ಕಬ್ಬು, ಕಬ್ಬಿನಿಂದ ಸಕ್ಕರೆಯ ಕಾರ್ಖಾನೆ ಎಂದು ಒಂದರ ಕೈಯನ್ನು ಇನ್ನೊಂದು ಹಿಡಿದುಕೊಂಡು ಬಂದ ಪರಂಪರೆಯನ್ನು ಪುಸ್ತಕದಲ್ಲಿ ಓದಿದಾಗ ಆಗುವ ಅರಿವೇ ಬೇರೆ, ಆ ಕೊಳವೆಯ ಪಕ್ಕದಲ್ಲಿ ನಿಂತು ಒಳಗಿನ ನೀರಿನ ನಡುಕವನ್ನು ಅಂಗೈಯಿಂದ ಮುಟ್ಟಿದಾಗ ಆಗುವ ಅರಿವೇ ಬೇರೆ.

ಇಂಥ ತಾಣಗಳಿಗೆ ಈಗ ವಿದ್ವಾಂಸರು ಕೈಗಾರಿಕಾ ಪರಂಪರೆ ಎಂಬ ಹೆಸರನ್ನು ಕೊಟ್ಟಿದ್ದಾರೆ. ಅರಮನೆಗಳನ್ನೂ ದೇವಾಲಯಗಳನ್ನೂ ಕೋಟೆಗಳನ್ನೂ ಕಾಪಾಡಿಕೊಳ್ಳುವ ನಾಗರಿಕತೆ, ಜನಸಾಮಾನ್ಯರ ಬದುಕನ್ನು ಅವೆಲ್ಲಕ್ಕಿಂತ ಹೆಚ್ಚಾಗಿ ಬದಲಾಯಿಸಿದ ಗಿರಣಿ, ಗಣಿ, ಕುಲುಮೆ, ರೈಲುನಿಲ್ದಾಣಗಳನ್ನೂ ಅಷ್ಟೇ ಶ್ರದ್ಧೆಯಿಂದ ಕಾಪಾಡಿಕೊಳ್ಳಬೇಕೆಂಬುದು ಇದರ ತಾತ್ಪರ್ಯ. ಈ ವಿಚಾರ ಮೊಳೆತದ್ದು ಕೈಗಾರಿಕಾ ಕ್ರಾಂತಿ ಮೊಳೆತ ಇಂಗ್ಲೆಂಡಿನಲ್ಲಿಯೇ. ಅಲ್ಲಿಯ ಸೆವರ್ನ್ ನದಿಯ ಕಣಿವೆಯಲ್ಲಿರುವ ಕೋಲ್‌ಬ್ರೂಕ್‌ಡೇಲ್ ಎಂಬ ಸಣ್ಣ ಊರಿನಲ್ಲಿ 1709ರಲ್ಲಿ ಅಬ್ರಹಾಂ ಡಾರ್ಬಿ ಎಂಬಾತ, ಮರದ ಇದ್ದಲಿಗೆ ಬದಲಾಗಿ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಉರಿಸಿ ಕಬ್ಬಿಣವನ್ನು ಕರಗಿಸಿದನು. ಕಾಡು ಕಡಿದು ಮುಗಿದರೂ ಕಬ್ಬಿಣ ಮುಗಿಯದಂತಾಯಿತು. ಅವನ ಮೊಮ್ಮಗನಾದ ಮೂರನೆಯ ಅಬ್ರಹಾಂ ಡಾರ್ಬಿ 1779ರಲ್ಲಿ ಅದೇ ನದಿಯ ಮೇಲೆ ಸುಮಾರು 30 ಮೀಟರ್ ಅಗಲದ ಒಂದೇ ಕಮಾನಿನ ಎರಕದ ಕಬ್ಬಿಣದ ಸೇತುವೆಯನ್ನು ನಿಲ್ಲಿಸಿದನು. ಜಗತ್ತಿನ ಮೊತ್ತಮೊದಲ ದೊಡ್ಡ ಕಬ್ಬಿಣದ ಸೇತುವೆ ಅದು. ಅದರ ಪಕ್ಕದಲ್ಲಿ ಬೆಳೆದ ಊರಿಗೇ ಐರನ್‌ಬ್ರಿಜ್ ಎಂಬ ಹೆಸರು ನಿಂತಿತು.

ಆ ಸೇತುವೆಯ ಕೆಳಗೆ ನಿಂತು ಕತ್ತೆತ್ತಿ ನೋಡುವವರಿಗೆ ಒಂದು ವಿಸ್ಮಯ ಕಾದಿದೆ. ಅದರ ತೊಲೆಗಳನ್ನು ಕೂಡಿಸಿದ ಕ್ರಮ ಕಮ್ಮಾರನದಲ್ಲ, ಬಡಗಿಯದು. ಬಾಗಿಲಿನ ಚೌಕಟ್ಟಿಗೆ ನಮ್ಮ ಆಚಾರಿಗಳು ಹೇಗೆ ಮರದ ತುದಿಯನ್ನು ಕೆತ್ತಿ ತೂತಿಗೆ ಕೂಡಿಸಿ ಬೆಣೆ ಹೊಡೆಯುವರೋ, ಹಾಗೆಯೇ ಅಲ್ಲಿ ಕಬ್ಬಿಣದ ತುದಿಯನ್ನು ಕಬ್ಬಿಣದ ತೂತಿಗೆ ಕೂಡಿಸಿ ಬೆಣೆ ಹೊಡೆದಿದ್ದಾರೆ. ಹೊಸ ಲೋಹ ಕೈಗೆ ಬಂದಿತ್ತು. ಅದನ್ನು ಜೋಡಿಸುವ ಹೊಸ ರೀತಿ ಇನ್ನೂ ಹುಟ್ಟಿರಲಿಲ್ಲ. ಆದುದರಿಂದ ಕೈ ತನಗೆ ಬಂದ ಹಳೆಯ ವಿದ್ಯೆಯನ್ನೇ ಹೊಸ ಪದಾರ್ಥದ ಮೇಲೆ ನಡೆಸಿತು. ಒಂದು ಯುಗ ಇನ್ನೊಂದು ಯುಗಕ್ಕೆ ದಾಟಿದ ಗಳಿಗೆಯನ್ನು ಯಾವ ಗ್ರಂಥವೂ ಇಷ್ಟು ಸ್ಪಷ್ಟವಾಗಿ ತೋರಿಸಲಾರದು. 1967ರಲ್ಲಿ ಅಲ್ಲಿಯ ಜನ ಒಂದು ಟ್ರಸ್ಟನ್ನು ರಚಿಸಿಕೊಂಡು, ಕಣಿವೆಯ ಪಾಳುಕುಲುಮೆಗಳನ್ನೂ ಹೆಂಚು, ಪಿಂಗಾಣಿಗಳ ಕಾರ್ಖಾನೆಗಳನ್ನೂ ಒಂದೊಂದಾಗಿ ವಸ್ತುಸಂಗ್ರಹಾಲಯಗಳನ್ನಾಗಿ ಮಾಡಿದರು. 1986ರಲ್ಲಿ ಆ ಕಣಿವೆಗೆ ವಿಶ್ವ ಪರಂಪರೆಯ ಸ್ಥಾನ ದೊರೆಯಿತು.

ಜರ್ಮನಿಯಲ್ಲಿಯೂ ಹೀಗೆಯೇ ಆಯಿತು. ಫೋಲ್ಕ್‌ಲಿಂಗೆನ್ ಎಂಬ ಊರಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಗಳು 1986ರಲ್ಲಿ ಆರಿದುವು. 1994ರಲ್ಲಿ ಆ ಕಾರ್ಖಾನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎಸೆನ್ ನಗರದ ತ್ಸೋಲ್‌ಫೆರೈನ್ ಕಲ್ಲಿದ್ದಲ ಗಣಿಯೂ ಅದೇ 1986ರಲ್ಲಿ ನಿಂತುಹೋಗಿ, 2001ರಲ್ಲಿ ಅದೇ ಗೌರವಕ್ಕೆ ಪಾತ್ರವಾಯಿತು. ಅಲ್ಲಿಯ ಗಣಿಗಳಲ್ಲಿ ದುಡಿದು ನಿವೃತ್ತರಾದವರು ತಾವೇ ಮುಂದಾಗಿ ಬಂದವರಿಗೆ ಯಂತ್ರಗಳನ್ನು ತೋರಿಸಿ ವಿವರಿಸುವ ಪದ್ಧತಿಯೂ ಬೆಳೆದಿದೆ. ಕಾರ್ಖಾನೆ ಮುಚ್ಚಿದ ಊರಿನಲ್ಲಿ ಕೂಲಿ ಹೋಗುವುದಷ್ಟೇ ಅಲ್ಲ, ಮಾನವೂ ಹೋಗುತ್ತದೆ. ಬದುಕೆಲ್ಲ ಕಲಿತ ಕುಶಲತೆ ಒಂದು ಬೆಳಗ್ಗೆ ಯಾರಿಗೂ ಬೇಡವಾಗುತ್ತದೆ. ಆ ಕುಶಲತೆಯನ್ನು ನೋಡಲು ದೂರದೂರದ ಜನ ಬಂದಾಗ, ಹೋದ ಕೂಲಿ ಹಿಂದಿರುಗದಿದ್ದರೂ ಹೋದ ಮಾನ ಸ್ವಲ್ಪಮಟ್ಟಿಗೆ ಹಿಂದಿರುಗುವುದು. ಸಂಗ್ರಹಾಲಯದ ನಿಜವಾದ ಪುಣ್ಯ ಇದೇ.

ನಮ್ಮ ನಾಡಿನಲ್ಲಿ ಈ ಬಗೆಯ ತಾಣಗಳೇ ಇಲ್ಲವೆಂದು ಯಾರೂ ನಿರಾಶರಾಗಬೇಕಾಗಿಲ್ಲ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ 1979ರಿಂದ ಜನರಿಗೆ ತೆರೆದಿದೆ. ಹಳೆಯ ಉಗಿಬಂಡಿಗಳ ಜೊತೆಗೆ, ರಸ್ತೆಯ ಮೋಟಾರನ್ನೇ ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಕಾರು, 1899ರ ಮಹಾರಾಣಿಯವರ ಸಲೂನ್ ಗಾಡಿ ಅಲ್ಲಿವೆ. ರಾಜಮನೆತನದ ಪ್ರಯಾಣದ ವೈಭವವನ್ನು ಸಲೂನಿನಲ್ಲಿ ನೋಡಿದವರು ಅಷ್ಟಕ್ಕೇ ನಿಲ್ಲದೆ, ಎಂಜಿನ್ನಿನ ಹಿಂದಿನ ಇಕ್ಕಟ್ಟಾದ ಕಟ್ಟೆಯನ್ನೂ ನೋಡತಕ್ಕದ್ದು: ಸುಡುವ ಒಲೆಯ ಬಾಯಿಗೂ ಇದ್ದಲಿನ ರಾಶಿಗೂ ನಡುವೆ ಸಿಕ್ಕ ಎರಡು ಹೆಜ್ಜೆಯ ಎಡೆಯಲ್ಲಿ ನಿಂತು ಸಲಿಕೆಯಿಂದ ಇದ್ದಲನ್ನು ಎತ್ತೆತ್ತಿ ಹಾಕುತ್ತಿದ್ದ ಫೈರ್‌ಮನ್ನನ ಬೆವರಿಲ್ಲದೆ ಯಾವ ಸಲೂನೂ ಒಂದು ಗೇಣು ಚಲಿಸುತ್ತಿರಲಿಲ್ಲ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು ಜವಾಹರಲಾಲ್ ನೆಹರೂ 1962ರ ಜುಲೈ 14ರಂದು ಉದ್ಘಾಟಿಸಿದರು; ಸರ್ ಎಂ. ವಿಶ್ವೇಶ್ವರಯ್ಯನವರು ಅದೇ ವರ್ಷದ ಏಪ್ರಿಲಿನಲ್ಲಿ ಕಾಲವಾಗಿದ್ದರು. ಅಲ್ಲಿ 1965ರಲ್ಲಿ ತೆರೆದ ಮೊದಲ ಪ್ರದರ್ಶನಾಂಗಣದ ವಿಷಯ ವಿದ್ಯುತ್ತೇ ಆಗಿದ್ದುದು, ಶಿವನಸಮುದ್ರದ ನಾಡಿಗೆ ತಕ್ಕುದೇ ಆಗಿತ್ತು. ಮುಟ್ಟಬೇಡಿ ಎಂಬ ಫಲಕಕ್ಕೆ ಬದಲಾಗಿ ತಿರುಗಿಸಿ ನೋಡಿ ಎಂದು ಮಕ್ಕಳನ್ನು ಕರೆಯುವ ಆ ಅಂಗಣದಲ್ಲಿ ಹಿಡಿಯನ್ನು ತಿರುಗಿಸಿ ದೀಪ ಹೊತ್ತಿಸಿದ ಹುಡುಗ, ಬೆಳಕು ಪುಕ್ಕಟೆಯಾಗಿ ಬರುವುದಲ್ಲವೆಂಬುದನ್ನು ರಟ್ಟೆಯ ನೋವಿನಿಂದಲೇ ಕಲಿಯುತ್ತಾನೆ. ಹಳೆಯ ವಿಮಾನನಿಲ್ದಾಣದ ರಸ್ತೆಯಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆ 2001ರಲ್ಲಿ ತೆರೆದ ವಿಮಾನ ಸಂಗ್ರಹಾಲಯವೂ ಉಂಟು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮಾರ್ಗದರ್ಶನದಲ್ಲಿ ಇಲ್ಲಿಯ ಎಂಜಿನಿಯರುಗಳು ರಚಿಸಿ, 1961ರಲ್ಲಿ ಮೊದಲು ಹಾರಿಸಿದ ಮರುತ್ ಯುದ್ಧವಿಮಾನವನ್ನು ಅಲ್ಲಿ ಕೈಯಳತೆಯ ದೂರದಿಂದ ನೋಡಬಹುದು.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು ಜಾಲಹಳ್ಳಿಯಲ್ಲಿರುವ ಎಚ್‌ಎಂಟಿಯ ಪರಂಪರಾ ಕೇಂದ್ರ. 1953ರಲ್ಲಿ ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ ಹುಟ್ಟಿದ ಸಂಸ್ಥೆ ಅದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಕೈಗಡಿಯಾರಗಳ ತಯಾರಿಕೆಗೂ ಕೈಹಾಕಿತು. ಮರಗಳ ನಡುವಿನ ಹಳೆಯ ಬಂಗಲೆಯೊಂದರಲ್ಲಿ ಅದರ ಲೇಥುಗಳೂ ಟ್ರಾಕ್ಟರುಗಳೂ, ಸಾಲುಸಾಲಾಗಿ ಗಾಜಿನ ಹಿಂದೆ ಜನತಾ, ಪೈಲಟ್, ಸೋನಾ, ಕಾಂಚನ ಮೊದಲಾದ ಗಡಿಯಾರಗಳೂ ಇವೆ. ಜನತಾ ಗಡಿಯಾರದ ಒಳಗನ್ನು ಬಿಚ್ಚಿದರೆ ಅಕ್ಕಿಯ ಕಾಳಿಗಿಂತ ಎಷ್ಟೋ ಸಣ್ಣದಾದ 17 ಕೆಂಪುಕಲ್ಲುಗಳು ಕಾಣುತ್ತವೆ. ಅವು ಒಡವೆಯ ಕಲ್ಲುಗಳಲ್ಲ, ಹಲ್ಲುಚಕ್ರದ ಅಚ್ಚು ತಿರುಗುವಾಗ ಲೋಹಕ್ಕೆ ಲೋಹ ಉಜ್ಜಿ ಸವೆಯದಂತೆ ಹಿಡಿದ ಬೇರಿಂಗುಗಳು. ಬೆಳಗ್ಗೆ ಎದ್ದು ಕೀಲಿ ಕೊಟ್ಟರೆ ಸುರುಳಿ ಬಿಗಿಯುವುದು, ಆ ಬಿಗಿತ ಮೆಲ್ಲಮೆಲ್ಲನೆ ಬಿಚ್ಚಿಕೊಳ್ಳುತ್ತ ಸೆಕೆಂಡಿಗೆ 5 ಬಾರಿ ಟಿಕ್ಕೆನ್ನುವುದು. ಕಿವಿಗೆ ಹಿಡಿದು ಆ ಸದ್ದನ್ನು ಕೇಳದ ಮಗು ಒಂದು ಕಾಲಕ್ಕೆ ಈ ನಾಡಿನಲ್ಲಿ ಇರಲಿಲ್ಲವೆಂದೇ ಹೇಳಬಹುದು. ನಾನು ಹೋದ ದಿನ, ವಯಸ್ಸಾದವರೊಬ್ಬರು ಒಂದು ಗಾಜಿನ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಅವರ ಬಲಗೈಯ ಎರಡು ಬೆರಳುಗಳು, ಅವರಿಗೇ ಅರಿವಿಲ್ಲದಂತೆ, ಬರಿದಾದ ಎಡಮಣಿಕಟ್ಟಿನ ಮೇಲೆ ಇಲ್ಲದ ಕೀಲಿಯೊಂದನ್ನು ತಿರುಗಿಸುತ್ತಿದ್ದುವು. 2016ರಲ್ಲಿ ಆ ಗಡಿಯಾರದ ಕಂಪನಿಯನ್ನು ಮುಚ್ಚುವುದೆಂದು ತೀರ್ಮಾನವಾಯಿತು. ಕಂಪನಿ ನಿಂತಿತು, ಬೆರಳುಗಳ ನೆನಪು ನಿಂತಿಲ್ಲ.

ಇನ್ನು ಆ ತಂತಿಯ ಇನ್ನೊಂದು ತುದಿಯಾದ ಕೋಲಾರದ ಮಾತು. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಬೆಳೆದ ಆ ಗಣಿಗಳು 120 ವರ್ಷಗಳಷ್ಟು ಕಾಲ ದುಡಿದು ಸುಮಾರು 800 ಟನ್ ಚಿನ್ನವನ್ನು ಕೊಟ್ಟು, 2001ರ ಫೆಬ್ರವರಿ 28ರಂದು ಮುಚ್ಚಿಹೋದುವು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು. ಕೇಜ್ ಎಂಬ ಪಂಜರದಲ್ಲಿ ನಿಂತು ಆ ಪಾತಾಳಕ್ಕೆ ಇಳಿದು, ಬಂಡೆಯೇ ಕಾದಿರುವ ಸೆಕೆಯಲ್ಲಿ, ಭೂಮಿಯ ಒತ್ತಡಕ್ಕೆ ಬಂಡೆ ಹಠಾತ್ತಾಗಿ ಸಿಡಿಯುವ, ಗಣಿಯವರು ಏರ್ ಬ್ಲಾಸ್ಟ್ ಎನ್ನುತ್ತಿದ್ದ ಅಪಾಯವನ್ನು ದಿನವೂ ಎದುರಿಸುತ್ತ ದುಡಿದವರು ತಮಿಳು, ತೆಲುಗು, ಕನ್ನಡಗಳನ್ನಾಡುವ ಬಡ ಕೂಲಿಗಳು. ಅವರು ತೆಗೆದ ಚಿನ್ನದಲ್ಲಿ ಒಂದು ಗುಲಗಂಜಿಯೂ ಅವರದಾಗಲಿಲ್ಲ. ಅದೇ ಪಾತಾಳದಲ್ಲಿ 1965ರಲ್ಲಿ ನಮ್ಮ ವಿಜ್ಞಾನಿಗಳೂ ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೂ ಕೂಡಿ, ಆಕಾಶದಿಂದ ಬಂದು ಭೂಮಿಯನ್ನೇ ತೂರಿ ಹೋಗುವ ನ್ಯೂಟ್ರಿನೋ ಎಂಬ ಸೂಕ್ಷ್ಮಕಣಗಳ ಜಾಡನ್ನು ಹಿಡಿದರು. ಇಂದು ಅಲ್ಲಿ ಕಾಣುವುದು, ಅದಿರನ್ನು ಅರೆದು ಸೋಸಿ ಉಳಿದ ಬೂದಿಬಣ್ಣದ ಮಣ್ಣಿನ ಗುಡ್ಡಗಳು; ಅವನ್ನು ಜನ ಸಯನೈಡ್ ಗುಡ್ಡಗಳೆಂದು ಕರೆಯುತ್ತಾರೆ. ಗಾಳಿ ಬೀಸಿದಾಗ ಅವುಗಳ ಧೂಳು ಮನೆಗಳ ಮೇಲೆ ಕೂರುತ್ತದೆ. ಗಣಿಬಾಯಿಯ ಮೇಲೆ ಚಕ್ರವನ್ನು ಹೊತ್ತು ನಿಂತು ತುಕ್ಕು ಹಿಡಿಯುತ್ತಿರುವ ಕಬ್ಬಿಣದ ಗೋಪುರಗಳೂ ಅಲ್ಲಿವೆ. ಕೇಜಿನ ಹಗ್ಗ ಆ ಚಕ್ರದ ಮೇಲಿನಿಂದಲೇ ಹಾದು ಇಳಿಯುತ್ತಿತ್ತು. ಒಂದು ಪಾಳಿಯ ಜನರ ಪ್ರಾಣವೆಲ್ಲ ಆ ಚಕ್ರಕ್ಕೆ ಜೋತುಬಿದ್ದಿತ್ತು. ಜರ್ಮನಿಯ ಗಣಿಗೆ ಸಂದ ಗೌರವಕ್ಕೆ ಇವು ಯಾವ ಅಂಶದಲ್ಲಿಯೂ ಅನರ್ಹವಲ್ಲ.

ಆಶ್ಚರ್ಯವೆಂದರೆ, ಯಂತ್ರಕ್ಕೆ ಗೌರವ ಸಲ್ಲಿಸುವುದನ್ನು ನಮಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಮಹಾನವಮಿಯ ದಿನ ಕಾರ್ಖಾನೆಯ ಲೇಥಿಗೂ, ಅಕ್ಕಿಗಿರಣಿಯ ಮೋಟಾರಿಗೂ, ಮನೆಯ ಹೊಲಿಗೆಯಂತ್ರಕ್ಕೂ ಅರಿಶಿನ ಕುಂಕುಮ ಹಚ್ಚಿ, ಹೂವೇರಿಸಿ, ಬೂದುಗುಂಬಳವನ್ನು ಒಡೆದು ಕೈಮುಗಿಯುವ ಜನ ನಾವು. ದುಡಿಯುವ ಯಂತ್ರಕ್ಕೆ ಇಷ್ಟು ಭಕ್ತಿಯನ್ನು ತೋರುವ ನಾವೇ, ಅದೇ ಯಂತ್ರ ದುಡಿದು ದಣಿದು ನಿಂತ ಮರುದಿನ ಅದನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುತ್ತೇವೆ. ಅದರ ಜೊತೆಯಲ್ಲಿ ಅದನ್ನು ನಡೆಸಿದವರ ಹಾಜರಿಪುಸ್ತಕ, ನಕ್ಷೆ, ಚಿತ್ರಗಳು ರದ್ದಿಯ ಪಾಲಾಗುತ್ತವೆ. ಎಲ್ಲ ಯಂತ್ರವನ್ನೂ ಉಳಿಸಿಕೊಳ್ಳುವುದು ಸಾಧ್ಯವೂ ಅಲ್ಲ, ಬೇಕೂ ಇಲ್ಲ. ಆದರೆ ಒಂದು ಊರಿನ ಬದುಕನ್ನೇ ತಿರುಗಿಸಿದ ಚಕ್ರವೊಂದನ್ನಾದರೂ, ಅದು ನಿಂತ ಸ್ಥಳದಲ್ಲಿಯೇ, ಅದರ ಮುಂದೆ ದುಡಿದವರ ಮಾತಿನೊಡನೆ ಉಳಿಸಿಕೊಂಡರೆ, ಆಯುಧಪೂಜೆಯ ಅರ್ಥ ಪೂರ್ಣವಾದೀತು.

ಇಂಥ ಸ್ಥಳಗಳಿಗೆ ಹೋಗುವವರಿಗೆ ಒಂದೆರಡು ಮಾತು. ದೇವಸ್ಥಾನದ ಶಿಲ್ಪವನ್ನು ನೋಡುವುದಕ್ಕೆ ಹೇಗೆ ಒಂದು ಕಣ್ಣು ಬೇಕೋ ಹಾಗೆ ಯಂತ್ರವನ್ನು ನೋಡುವುದಕ್ಕೂ ಬೇಕು; ಆ ಕಣ್ಣು ಮೂರು ಪ್ರಶ್ನೆಗಳಿಂದ ತೆರೆಯುತ್ತದೆ. ಇದನ್ನು ತಿರುಗಿಸಿದ ಶಕ್ತಿ ಯಾವುದು: ಎತ್ತೇ, ನೀರೇ, ಉಗಿಯೇ, ವಿದ್ಯುತ್ತೇ? ಇದರ ಮುಂದೆ ನಿಂತವರು ಯಾರು, ಎಷ್ಟು ಹೊತ್ತು ನಿಂತರು? ಇದರಿಂದ ಹೊರಬಂದ ಪದಾರ್ಥ ಯಾರ ಮನೆಯನ್ನು ಸೇರಿತು? ಯಂತ್ರದ ಮೈಮೇಲೆ ತಯಾರಕರ ಹೆಸರೂ ವರ್ಷವೂ ಇರುವ ಹಿತ್ತಾಳೆಯ ಫಲಕವನ್ನು ಮೊದಲು ಓದಬೇಕು; ಆಮೇಲೆ ಅದರ ಹಿಡಿಯ ಕಡೆಗೆ ಕಣ್ಣು ಹಾಯಿಸಬೇಕು. ಹಿಡಿ ಎಲ್ಲಿ ಸವೆದಿದೆಯೋ ಅಲ್ಲಿ, ಹೆಸರು ಬರೆದಿಡದ ಒಬ್ಬ ಮನುಷ್ಯನ ಅಂಗೈ ಇದೆ.

ಸಂಗ್ರಹಾಲಯಕ್ಕೆ ಹೋಗಲಾಗದವರು ತಮ್ಮ ಮನೆಯಿಂದಲೇ ಆರಂಭಿಸಬಹುದು. ಕರಾವಳಿ ಮಲೆನಾಡುಗಳ ಹಳೆಯ ಮನೆಗಳಲ್ಲಿ ಅಟ್ಟ ಹತ್ತಿ, ಮಾಡಿನ ಒಳಮೈಗೆ ದೀಪ ಹಿಡಿದರೆ, ಕೆಂಪು ಹೆಂಚುಗಳ ಮೇಲೆ ಉಬ್ಬಿದ ಅಕ್ಷರಗಳು ಕಾಣುತ್ತವೆ: ಹೆಂಚು ಮಾಡಿದ ಕಾರ್ಖಾನೆಯ ಹೆಸರು, ಮಂಗಳೂರು ಎಂಬ ಊರಿನ ಹೆಸರು, ಕೆಲವದರಲ್ಲಿ 1865 ಎಂಬ ವರ್ಷ. ಆ ವರ್ಷ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಮಂಗಳೂರಿನಲ್ಲಿ ನೇತ್ರಾವತಿಯ ದಡದ ಜೇಡಿಮಣ್ಣನ್ನು ಅಚ್ಚಿಗೊತ್ತಿ ಸುಟ್ಟು ಹೆಂಚಿನ ಕಾರ್ಖಾನೆಯನ್ನು ತೆರೆದನು. ಒಂದರ ಅಂಚು ಇನ್ನೊಂದರ ತೋಡಿಗೆ ಕೂತುಕೊಳ್ಳುವಂತೆ ಮಾಡಿದ ಆ ಹೆಂಚು ಹುಲ್ಲಿನ ಮಾಡಿಗಿಂತ ಬಾಳಿಕೆ ಬಂದು, ಕಡಲು ದಾಟಿ ಆಫ್ರಿಕದ ಮನೆಗಳ ಮೇಲೂ ಏರಿತು. ನಮ್ಮ ತಲೆಯ ಮೇಲೆ ಮೂರು ತಲೆಮಾರು ಮಳೆಯನ್ನು ತಡೆದ ಒಂದು ಕಾರ್ಖಾನೆಯ ಇತಿಹಾಸವನ್ನು ನಾವು ಒಮ್ಮೆಯೂ ಕತ್ತೆತ್ತಿ ಓದಿರಲಿಲ್ಲ.

ಶಿವನಸಮುದ್ರದ ವಿದ್ಯುದಾಗಾರ ಒಂದು ದಿನ ಗಗನಚುಕ್ಕಿಯಷ್ಟೇ ಸಹಜವಾಗಿ, ಅನುಮತಿಪತ್ರದ ಹಂಗಿಲ್ಲದೆ, ಶಾಲೆಯ ಮಕ್ಕಳಿಗೆ ತೆರೆಯಲಿ. ಕೋಲಾರದ ಒಂದು ಗಣಿಗೋಪುರವಾದರೂ ಅದರ ಕೆಳಗೆ ದುಡಿದ ಹಿರಿಯರು ನಮ್ಮೊಡನೆ ಇರುವಾಗಲೇ, ಅವರ ಬಾಯಿಂದಲೇ ಕಥೆ ಕೇಳಬಹುದಾದ ಸಂಗ್ರಹಾಲಯವಾಗಲಿ. ಸರ್ಕಾರ ಮಾಡಬೇಕಾದ ಕೆಲಸ ಇದು. ಜನ ಬಂದು ನೋಡುತ್ತಾರೆಂದು ಕಂಡಾಗಲೇ ಸರ್ಕಾರವೂ ಮುಂದಾಗುವುದು. ಆದಕಾರಣ, ಈಗಾಗಲೇ ತೆರೆದಿರುವ ಸಂಗ್ರಹಾಲಯಗಳ ರಜೆಯ ದಿನವನ್ನೂ ವೇಳೆಯನ್ನೂ ವಿಚಾರಿಸಿಕೊಂಡು, ಮುಂದಿನ ಆಯುಧಪೂಜೆ ಬರುವುದರೊಳಗೆ, ಮನೆಯ ಮಕ್ಕಳನ್ನು ಕರೆದುಕೊಂಡು ಒಂದಕ್ಕಾದರೂ ಹೋಗಿಬನ್ನಿ.